ಕೊರೋನದಲ್ಲಿ ಹೋದ್ರು, ಕೊರೋನ ಬಂದು ಹೋದ್ರು, ಕೊರೋನದಿಂದ ಹೋದ್ರು: ಮೂರೂ ಒಂದೇನಾ?

ಎಲ್ರಿಗೂ ನಮಸ್ಕಾರ. ಮಂಡ್ಯದಿಂದ ಬರೀತಿದೀನಿ. ಪ್ರೂಫ್ ನೋಡೋದು ನನ್ನ ಕೆಲಸ, ಈಗ ಕೈಲಿರೋದು ಹಳ್ಳಿ ಜನ ಓದ್ಲಿ ಅಂತ ಒಬ್ರು ಡಾಕ್ಟ್ರು ಬರೆದಿರೋ ಸಣ್ಣ ಪುಸ್ತಕ. ಕೋವಿಡ್ ಸಾವು, ಲಸಿಕೆ ಸಾವು ಅಂತೆಲ್ಲ ಏನು ಲೆಕ್ಕ ಬರುತ್ತಲ್ಲ ಅದನ್ನ ಯಾರು ಹೆಂಗೆ ಎಣಿಸ್ತಾರೆ, ಆ ಅಂಕಿ ನೋಡಿ ಏನು ತಿಳ್ಕೋಬೇಕು ಏನು ತಿಳ್ಕೋಬಾರದು ಅಂತ. ತುಂಬಾ ಬೇಕಾಗಿರೋ ಪುಸ್ತಕ. ಆದ್ರೆ ಮೂರನೇ ಪುಟದಲ್ಲೇ ನನ್ನ ಪೆನ್ನು ನಿಂತುಹೋಯ್ತು. ಅಲ್ಲಿ ಹೀಗಿದೆ: "ಕೋವಿಡ್‌ನಿಂದ ಸತ್ತವರು ಬೇರೆ, ಕೋವಿಡ್‌ನೊಂದಿಗೆ ಸತ್ತವರು ಬೇರೆ."

ಕೋವಿಡ್‌ನೊಂದಿಗೆ ಸತ್ತವರು ಅಂದ್ರೆ ಕನ್ನಡದಲ್ಲಿ ಏನಾಗುತ್ತೆ ಹೇಳಿ? "ಮಗನೊಂದಿಗೆ ತಾಯಿಯೂ ಸತ್ತಳು" ಅಂದ್ರೆ ಇಬ್ರೂ ಹೋದ್ರು ಅಂತ. ಹಂಗೆ ನೋಡಿದ್ರೆ ಇಲ್ಲಿ ಕೋವಿಡ್ಡೂ ಸತ್ತಂಗಾಯ್ತು. ಇಂಗ್ಲಿಷಿನ ಮಾತನ್ನ ಹಾಗೇ ಎತ್ತಿ ಇಟ್ಟಿದಾರೆ ಅಂತ ಗೊತ್ತಾಗುತ್ತೆ, ಡಾಕ್ಟ್ರ ಉದ್ದೇಶ ಸರಿಯಾಗೇ ಇದೆ, ಸೋಂಕು ಮೈಯಲ್ಲಿತ್ತು ಆದ್ರೆ ಸಾವಿಗೆ ಕಾರಣ ಬೇರೆ ಅನ್ನೋದು. ಅದನ್ನ "ಕೋವಿಡ್ ಇದ್ದು ಸತ್ತವರು" ಅಂತ ಮಾಡೋಣ ಅಂತ ಬರೆದೆ, ಬರೆದು ಮತ್ತೆ ಹೊಡೆದುಹಾಕ್ದೆ. ಯಾಕೆ ಅಂತ ಆಮೇಲೆ ಹೇಳ್ತೀನಿ, ಅದಕ್ಕೆ ಮುಂಚೆ ನಮ್ಮತ್ತೆ ವಿಷಯ ಹೇಳ್ಬೇಕು.

ನಮ್ಮ ಸೋದರಮಾವ 2021ರ ಮೇ ತಿಂಗಳಲ್ಲಿ ತೀರ್ಕೊಂಡ್ರು. ಸಕ್ಕರೆ ಕಾಯಿಲೆ ಮೊದಲಿಂದ ಇತ್ತು. ಆರು ದಿನ ಜ್ವರ, ಮೂಗಿಗೆ ಕಡ್ಡಿ ಹಾಕಿ ತೆಗೆದಿದ್ದ ಟೆಸ್ಟ್ ನೆಗೆಟಿವ್ ಬಂತು, ಸಿಟಿ ಸ್ಕ್ಯಾನ್‌ನಲ್ಲಿ ಮಾತ್ರ ಶ್ವಾಸಕೋಶ ಪೂರ್ತಿ ಬೆಳ್ಳಗೆ. ಸೇರಿಸಿದ ಎರಡನೇ ರಾತ್ರಿ ಹೋದ್ರು. ಕೈಗೆ ಬಂದ ಕಾಗದದಲ್ಲಿ ಸಾವಿನ ಕಾರಣ ಅಂತ ಇದ್ದಿದ್ದು "ಹೃದಯ ಸ್ತಂಭನ". ಅಷ್ಟೇ. ಆಮೇಲೆ ಆ ವರ್ಷದ ಕೊನೇಲಿ ಕೋವಿಡ್ ಸಾವಿಗೆ ಕೊಡ್ತಿದ್ದ 50 ಸಾವಿರ ಪರಿಹಾರಕ್ಕೆ ಅರ್ಜಿ ಹಾಕೋವಾಗ ಅತ್ತೆ ಜೊತೆ ನಾನೂ ಹೋಗಿದ್ದೆ. ಸ್ಕ್ಯಾನ್ ಫಿಲ್ಮನ್ನ ಸೀರೆ ಅಂಗಡಿ ಕವರಲ್ಲಿ ಸುರುಳಿ ಸುತ್ತಿ ಎದೆಗೊತ್ಕೊಂಡು ಕೂತಿದ್ರು. ಟೇಬಲ್ ಹಿಂದಿದ್ದ ಹುಡುಗ ಒಳ್ಳೆಯವನೇ, ಕೇಳ್ದ, "ಅಮ್ಮ, ಯಜಮಾನ್ರು ಕೊರೋನದಿಂದ ತೀರ್ಕೊಂಡಿದ್ದಾ?" ಅತ್ತೆ "ಊ ಕಣಪ್ಪ, ಕೊರೋನದಲ್ಲೇ ಹೋದ್ರು" ಅಂದ್ರು. ಅವನು ಪೆನ್ ಎತ್ಕೊಂಡವನು ಹಂಗೇ ನಿಲ್ಲಿಸಿ, "ಕೊರೋನದಲ್ಲಿ ಅಂದ್ರೆ ಆ ಟೈಮಲ್ಲಾ, ಇಲ್ಲ ಅದರಿಂದಾನೇನಾ?" ಅಂದ. ಅತ್ತೆ ನನ್ನ ಮುಖ ನೋಡಿದ್ರು. ಅವರ ಪಾಲಿಗೆ ಅದು ಎರಡು ಪ್ರಶ್ನೆ ಆಗಿರ್ಲೇ ಇಲ್ಲ.

ಆ ಹುಡುಗ ಕೇಳಿದ್ದು ಪಕ್ಕಾ ವ್ಯಾಕರಣದ ಪ್ರಶ್ನೆ ಅಂತ ನನಗೆ ಅವತ್ತು ಹೊಳೆದಿರ್ಲಿಲ್ಲ, ಈಗ ಈ ಪುಸ್ತಕ ನೋಡ್ತಾ ಹೊಳೀತು. "ಅಲ್ಲಿ" ಅನ್ನೋ ಸಪ್ತಮಿ ವಿಭಕ್ತಿಯಾ, "ಇಂದ" ಅನ್ನೋ ತೃತೀಯಾನಾ ಅಂತ ಕೇಳಿದ್ದು ಅವನು. ಅದರ ಮೇಲೆ ದುಡ್ಡು ನಿಂತಿತ್ತು. (ದುಡ್ಡು ಬಂತು, ಜಿಲ್ಲಾ ಸಮಿತಿ ಸ್ಕ್ಯಾನ್ ನೋಡಿ ಒಪ್ಕೊಂಡ್ರು. 2021ರ ಸೆಪ್ಟೆಂಬರಿನ ಕೇಂದ್ರದ ನಿಯಮದಲ್ಲಿ ಟೆಸ್ಟ್ ಪಾಸಿಟಿವ್ ಬರ್ಲೇಬೇಕು ಅಂತ ಇರ್ಲಿಲ್ಲ, ಆಸ್ಪತ್ರೆಯಲ್ಲಿ ಡಾಕ್ಟ್ರು ಪರೀಕ್ಷೆ ಮಾಡಿ ಕೋವಿಡ್ ಅಂತ ಗುರ್ತಿಸಿದ್ರೂ ಆಗ್ತಿತ್ತು.)

ನಾನು ಗಮನಿಸಿರೋದು ಇಷ್ಟು. ನಮ್ಮ ಮಂಡ್ಯ ಮೈಸೂರು ಕಡೆ ಮಾತಲ್ಲಿ ರೋಗದ ಸಾವಿಗೆ "ಇಂದ" ಹಚ್ಚೋದು ಬಹಳ ಕಮ್ಮಿ. ಹಳಬರು "ಪ್ಲೇಗು ಬಂದು ಹೋದ್ರು", "ಕಾಲರಾ ಬಂದು ಹೋದ್ರು", "ಅಮ್ಮ ಆಗಿ ಹೋಯ್ತು ಮಗು" ಅಂತಾರೆ. ಕೊರೋನಕ್ಕೆ "ಕೊರೋನ ಬಂದು", "ಕೊರೋನ ಆಗಿ", ಇಲ್ಲಾಂದ್ರೆ "ಕೊರೋನದಲ್ಲಿ". "ಇಂದ" ಇರೋದು ಪೇಪರಲ್ಲಿ, ಟಿವಿಯಲ್ಲಿ, ಸರ್ಕಾರದ ಪ್ರಕಟಣೆಯಲ್ಲಿ. ಬೈಯೋಕೆ ಮಾತ್ರ ನಮ್ಮಲ್ಲಿ "ದೆಸೆಯಿಂದ" ಇದೆ, "ನಿನ್ ದೆಸೆಯಿಂದ ಹಿಂಗಾಯ್ತು ನೋಡು" ಅಂತ. ಸ್ಕೂಲಲ್ಲಿ ಪಂಚಮಿಗೆ ದೆಸೆಯಿಂದ ಅಂತ ಬಾಯಿಪಾಠ ಮಾಡಿದ್ದು ಎಲ್ಲೂ ಬಳಸಲ್ಲ ಅಂತಾರಲ್ಲ, ಇಲ್ಲಿ ಬಳಸ್ತಾರೆ, ತಪ್ಪು ಯಾರದು ಅಂತ ಬೆರಳು ತೋರಿಸ್ಬೇಕಾದ್ರೆ.

ಈಗ "ಕೊರೋನದಲ್ಲಿ" ಅನ್ನೋದನ್ನೇ ತಗೊಳ್ಳಿ. ವಿಶ್ವ ಆರೋಗ್ಯ ಸಂಸ್ಥೆ 2022ರ ಮೇ 5ಕ್ಕೆ ಒಂದು ಅಂದಾಜು ಕೊಡ್ತು, 2020 ಮತ್ತೆ 2021 ಎರಡು ವರ್ಷದಲ್ಲಿ ಪ್ರಪಂಚದಲ್ಲಿ 1.49 ಕೋಟಿ, ಭಾರತದಲ್ಲಿ ಸುಮಾರು 47 ಲಕ್ಷ. ನಮ್ಮ ಸರ್ಕಾರದ ಲೆಕ್ಕ ಆ ಎರಡು ವರ್ಷಕ್ಕೆ 4.8 ಲಕ್ಷ. ಹತ್ತು ಪಟ್ಟು ವ್ಯತ್ಯಾಸ. ಕೇಂದ್ರ ಸರ್ಕಾರ ಲೆಕ್ಕ ಹಾಕಿದ ವಿಧಾನಾನೇ ಒಪ್ಪಲ್ಲ ಅಂತು. ಆ ವಾದ ಏನೇ ಇರ್ಲಿ, ಎರಡೂ ಬೇರೆ ಬೇರೆ ಪ್ರಶ್ನೆಗೆ ಬಂದ ಉತ್ತರ. 4.8 ಲಕ್ಷ ಅನ್ನೋದು ಕೋವಿಡ್ ಅಂತ ದಾಖಲಾದವರ ಲೆಕ್ಕ. 47 ಲಕ್ಷ ಅನ್ನೋದು ಆ ಎರಡು ವರ್ಷದಲ್ಲಿ ಮಾಮೂಲಿಗಿಂತ ಎಷ್ಟು ಜಾಸ್ತಿ ಜನ ಹೋದ್ರು ಅನ್ನೋ ಅಂದಾಜು, ಅದರಲ್ಲಿ ಸೋಂಕಿಂದ ಹೋದೋರೂ ಇದಾರೆ, ಡಯಾಲಿಸಿಸ್‌ಗೆ ಹೋಗೋಕಾಗದೆ, ಬೆಡ್ ಸಿಗದೆ ಹೋದೋರೂ ಇದಾರೆ, ಲಾಕ್‌ಡೌನಲ್ಲಿ ಗಾಡಿ ಓಡಾಡದೆ ತಪ್ಪಿದ ಆಕ್ಸಿಡೆಂಟ್ ಸಾವು ಅದರಲ್ಲಿ ಕಳೆದುಹೋಗಿರುತ್ತೆ. ಅಂದ್ರೆ ಅದು ನಮ್ಮತ್ತೆ ಹೇಳಿದ "ಕೊರೋನದಲ್ಲಿ ಹೋದ್ರು". ಸರಿಯಾಗಿ ಅದೇ. ಅದನ್ನ "ಕೋವಿಡ್‌ನಿಂದ 47 ಲಕ್ಷ ಸಾವು" ಅಂತ ಬರೆದ್ರೆ ತಪ್ಪು, "ಕೋವಿಡ್ ಕಾಲದಲ್ಲಿ ಮಾಮೂಲಿಗಿಂತ 47 ಲಕ್ಷ ಜಾಸ್ತಿ ಸಾವು" ಅಂದ್ರೆ ಸರಿ.

ಇದಕ್ಕೆ ಡಾಕ್ಟ್ರು ಹಾಕಿರೋ ಪದ "ಹೆಚ್ಚುವರಿ ಸಾವು". ನನಗೆ ಇದು ಕಿವಿಗೆ ಒಗ್ತಾ ಇಲ್ಲ. ಹೆಚ್ಚುವರಿ ಅಂದ್ರೆ ದಸರಾಗೆ ಬಿಡೋ ಹೆಚ್ಚುವರಿ ಬಸ್ಸು, ಹೆಚ್ಚುವರಿ ಜಿಲ್ಲಾಧಿಕಾರಿ, ಯಾರೋ ಬೇಕು ಅಂತ ಮಂಜೂರು ಮಾಡಿ ಸೇರಿಸಿದ್ದು. ನನಗೆ ಹೊಳೆದಿದ್ದು "ವಾಡಿಕೆ ಮೀರಿದ ಸಾವು". ವಾಡಿಕೆ ಮಳೆ, ವಾಡಿಕೆಗಿಂತ ಶೇಕಡಾ ಇಷ್ಟು ಜಾಸ್ತಿ ಅಂತ ದಿನಾ ಪೇಪರಲ್ಲಿ ಬರುತ್ತೆ, ಕೆಆರ್‌ಎಸ್ ಮಟ್ಟ ನೋಡ್ಕೊಂಡು ಕಬ್ಬು ಹಾಕೋ ನಮ್ಮ ರೈತ್ರಿಗೆ ಅದನ್ನ ಬಿಡಿಸಿ ಹೇಳ್ಬೇಕಾಗಿಲ್ಲ. ಹಿಂದಿನ ಹತ್ತಾರು ವರ್ಷ ನೋಡಿ ಈ ತಿಂಗಳಿಗೆ ಇಷ್ಟು ಬರ್ಬೇಕು ಅನ್ನೋ ಲೆಕ್ಕ, ಬಂದಿದ್ದು ಇಷ್ಟು, ವ್ಯತ್ಯಾಸ ಇಷ್ಟು. ಸಾವಿನ ಲೆಕ್ಕಾನೂ ತಳದಲ್ಲಿ ಇದೇ. ನಮ್ಮ ದೇಶದಲ್ಲಿ 2019ರಲ್ಲಿ ನೋಂದಣಿ ಆದ ಸಾವು 76.4 ಲಕ್ಷ, 2020ರಲ್ಲಿ 81.2 ಲಕ್ಷ. ಹಂಗಂತ ಒಂದರಿಂದ ಒಂದು ಕಳೆದುಬಿಟ್ರೆ ಉತ್ತರ ಬರಲ್ಲ, ನೋಂದಣಿ ಮಾಡ್ಸೋರೇ ವರ್ಷ ವರ್ಷ ಜಾಸ್ತಿ ಆಗ್ತಿದಾರೆ, ಮಳೆ ಮಾಪನ ಜಾಸ್ತಿ ಇಟ್ಟಂಗೆ. ಸಾವಿಗೆ "ವಾಡಿಕೆ" ಅನ್ನೋದು ಕಠೋರ ಅಂತ ನನ್ನ ತಂಗಿ ಅಂದ್ಲು. ಅದೂ ನಿಜ. ನಿಮಗೆ ಬೇರೆ ಪದ ಹೊಳೆದ್ರೆ ಹೇಳಿ.

ಇನ್ನು "ಕೋವಿಡ್ ಇದ್ದು ಸತ್ತವರು" ಅಂತ ಬರೆದು ಯಾಕೆ ಹೊಡೆದುಹಾಕ್ದೆ ಅಂದ್ರೆ, ಕನ್ನಡದಲ್ಲಿ ಈ "ಇದ್ದು, ಬಂದು, ಆಗಿ, ತಗೊಂಡು" ಅನ್ನೋ ಕೃದಂತಾವ್ಯಯಗಳು ಬರೀ ಹಿಂದೆ ಮುಂದೆ ಹೇಳಿ ಸುಮ್ನಿರಲ್ಲ. "ಬಿದ್ದು ಕಾಲು ಮುರ್ಕೊಂಡ" ಅಂದ್ರೆ ಬಿದ್ದಿದ್ದಕ್ಕೇ ಮುರೀತು ಅಂತ ಕೇಳೋನು ಜೋಡಿಸ್ಕೋತಾನೆ. "ಊಟ ಮಾಡಿ ಮಲಗ್ದ" ಅಂದ್ರೆ ಬರೀ ಒಂದಾದ ಮೇಲೊಂದು. "ಊಟ ಮಾಡಿ ಸತ್ತ" ಅನ್ನಿ, ತಕ್ಷಣ ಊಟದಲ್ಲಿ ಏನಿತ್ತು ಅಂತ ಕೇಳ್ತಾರೆ! ಎರಡನೇ ಕ್ರಿಯೆ ಕೆಟ್ಟದಾದ್ರೆ ಮೊದಲನೇದು ತಾನಾಗೇ ಕಾರಣ ಆಗಿ ಕೂತ್ಕೊಳುತ್ತೆ.

ಲಸಿಕೆ ಮಾತು ಬಂದಾಗ ಎಲ್ಲಾ ಗೊಂದಲ ಶುರುವಾಗೋದೇ ಇಲ್ಲಿ ಅಂತ ನನಗನ್ಸುತ್ತೆ. "ಲಸಿಕೆ ಪಡೆದು ಯುವಕ ಸಾವು", "ಲಸಿಕೆ ಪಡೆದ ಬಳಿಕ ಯುವಕ ಸಾವು", "ಲಸಿಕೆ ಪಡೆದಿದ್ದ ಯುವಕ ಸಾವು", ಈ ಮೂರನ್ನೂ ಬಾಯಿಬಿಟ್ಟು ಓದಿ ನೋಡಿ. ಮೊದಲನೇದರಲ್ಲಿ ತೀರ್ಪೇ ಆಗಿಹೋಗಿದೆ. ಎರಡನೇದರಲ್ಲಿ ಬಳಿಕ ಅಂದ್ರೆ ಅರ್ಧ ಗಂಟೆನೋ ಎರಡು ವರ್ಷನೋ ಗೊತ್ತಿಲ್ಲ. ಮೂರನೇದು ಇದ್ದಿದ್ರಲ್ಲಿ ನ್ಯಾಯವಾದದ್ದು, ಆದ್ರೂ ಅಂಗಿ ಬಣ್ಣ ಹೇಳದೆ ಲಸಿಕೆನೇ ಯಾಕೆ ಹೇಳಿದ್ರು ಅಂತ ಓದೋರಿಗೆ ಅನ್ಸೇ ಅನ್ಸುತ್ತೆ. 2019ರ ನೋಂದಣಿ ಲೆಕ್ಕಾನೇ ಹಿಡಿದ್ರೂ ಈ ದೇಶದಲ್ಲಿ ದಿನಕ್ಕೆ ಸುಮಾರು 21 ಸಾವಿರ ಜನ ಏನಾದ್ರೂ ಒಂದಕ್ಕೆ ಹೋಗ್ತಾರೆ. 2021ರ ಅಕ್ಟೋಬರ್ 21ಕ್ಕೆ 100 ಕೋಟಿ ಡೋಸ್ ಮುಗಿದಿತ್ತು. ಅಷ್ಟು ಸಲ ಸೂಜಿ ಚುಚ್ಚಿದ ಮಾರನೇ ದಿನ, ಮಾರನೇ ವಾರ, ಯಾರೂ ಸಾಯಲೇಬಾರದು ಅಂದ್ರೆ ಆಗುತ್ತಾ?

ಹಂಗಂತ "ಲಸಿಕೆಯಿಂದ" ಅನ್ನೋ ಪದಾನೇ ಬಳಸ್ಬಾರ್ದು ಅಂತಲ್ಲ. 2021ರ ಮಾರ್ಚ್ 8ಕ್ಕೆ ಲಸಿಕೆ ತಗೊಂಡ 68 ವರ್ಷದ ಒಬ್ಬರ ಸಾವನ್ನ, ಲಸಿಕೆ ನಂತರದ ತೊಂದರೆಗಳನ್ನ ನೋಡೋ ರಾಷ್ಟ್ರೀಯ ಸಮಿತಿನೇ ಪರಿಶೀಲಿಸಿ ಲಸಿಕೆಗೆ ಆದ ತೀವ್ರ ಅಲರ್ಜಿಯಿಂದ ಅಂತ ಒಪ್ಕೊಂಡಿದೆ. ಅಲ್ಲಿ "ಇಂದ" ಹಾಕ್ಲೇಬೇಕು, ಹಾಕದಿದ್ರೆ ಆ ಮನೆಯವರಿಗೆ ಅನ್ಯಾಯ. ಲಸಿಕೆ ಹಾಕಿ ಅರ್ಧ ಗಂಟೆ ಕೂರಿಸ್ತಿದ್ರಲ್ಲ, ಅದು ಇಂಥದ್ದಕ್ಕೇ. ಇಂಥ ಸಮಿತಿಗಳು ಗಂಭೀರ ದೂರುಗಳನ್ನ ವಿಂಗಡಿಸ್ತವೆ: ಲಸಿಕೆಯ ಗುಣದಿಂದ ಆದದ್ದು, ಹಾಕೋವಾಗಿನ ತಪ್ಪಿಂದ ಆದದ್ದು, ಹೆದರಿಕೆಯಿಂದ ಆದದ್ದು, ಹೇಳೋಕಾಗದ್ದು, ಮತ್ತೆ ಬರೀ ಜೊತೆಗೆ ಬಂದದ್ದು. ಈ ಕೊನೇದಕ್ಕೆ ಡಾಕ್ಟ್ರು "ಕಾಕತಾಳೀಯ" ಅಂತ ಹಾಕಿದಾರೆ, ನಾನು ಮುಟ್ಟಲಿಲ್ಲ. ಕಾಗೆ ಬಂದು ಕೂತ ಹೊತ್ತಿಗೇ ತಾಳೆ ಹಣ್ಣು ಬಿತ್ತು, ಅಷ್ಟೇ. ಓದೋರಿಗೆ ಕಷ್ಟ ಆಗ್ಬೋದು ಅಂತ ಪಕ್ಕದಲ್ಲಿ "ಕಾಗೆ ಕೂರೋದಕ್ಕೂ ಕೊಂಬೆ ಮುರಿಯೋದಕ್ಕೂ" ಅಂತ ಗಾದೆ ಸೇರಿಸ್ದೆ. ಆದ್ರೆ "ಅಡ್ಡಪರಿಣಾಮದ ದೂರುಗಳು" ಅನ್ನೋ ತಲೆಬರಹ ತೆಗೆದು "ಲಸಿಕೆ ನಂತರದ ತೊಂದರೆಯ ದೂರುಗಳು" ಮಾಡ್ದೆ. ಪರಿಣಾಮ ಅಂದ್ಬಿಟ್ರೆ ತನಿಖೆಗೆ ಮುಂಚೆನೇ ಕಾರಣ ಹೇಳ್ದಂಗೆ ಆಗುತ್ತೆ.

ಹಾಸನದ ವಿಷಯ ನೆನಪಿರ್ಬೋದು, 2025ರ ಜೂನ್ ಜುಲೈ. ನಲವತ್ತು ದಿನದಲ್ಲಿ 20ಕ್ಕೂ ಹೆಚ್ಚು ಹೃದಯಾಘಾತ ಅಂತ ಸುದ್ದಿ ಬಂತು, ಮುಖ್ಯಮಂತ್ರಿಗಳೂ ಅವಸರದಲ್ಲಿ ಕೊಟ್ಟ ಲಸಿಕೆನೂ ಕಾರಣ ಇರ್ಬೋದು ಅಂದ್ರು, ಮೈಸೂರಿನ ಜಯದೇವ ಆಸ್ಪತ್ರೆ ಮುಂದೆ ಬೆಳಗಾಗೋಕೆ ಮುಂಚೆ ಕ್ಯೂ. ನನ್ನ ಚಿಕ್ಕಪ್ಪನ ಮಗ 31 ವರ್ಷದವನು, ಏನೂ ತೊಂದರೆ ಇಲ್ಲ, ಅವನೂ ಹೋಗಿ ನಿಂತಿದ್ದ. ಆಮೇಲೆ ತಜ್ಞರ ಸಮಿತಿ ನೋಡಿ ಲಸಿಕೆಗೂ ಇದಕ್ಕೂ ಸಂಬಂಧ ಕಾಣಲ್ಲ ಅಂತು. ಅದಕ್ಕೂ ಮುಂಚೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 47 ಆಸ್ಪತ್ರೆಗಳ ದಾಖಲೆ ಇಟ್ಕೊಂಡು 18ರಿಂದ 45 ವರ್ಷದವರ ದಿಢೀರ್ ಸಾವು ಅಭ್ಯಾಸ ಮಾಡಿ ಲಸಿಕೆಯಿಂದ ಅಪಾಯ ಹೆಚ್ಚಿಲ್ಲ ಅಂತ 2023ರಲ್ಲೇ ಹೇಳಿತ್ತು. ಆದ್ರೆ ಆ ಕ್ಯೂನಲ್ಲಿ ನಮ್ಮ ಹುಡುಗನ ಹಿಂದೆ ನಿಂತಿದ್ದ ಹೆಂಗಸು ಅಂದಿದ್ದು, "ನಮ್ಮ ಪಕ್ಕದ ಮನೆಯವ್ನು ಇಂಜೆಕ್ಷನ್ ತಗೊಂಡು ಹೋದ". ಯಾವಾಗ ತಗೊಂಡಿದ್ದು ಅಂದ್ರೆ, ನಾಲ್ಕು ವರ್ಷದ ಹಿಂದೆ. "ತಗೊಂಡು" ಅನ್ನೋ ಒಂದೇ ಪದ ನಾಲ್ಕು ವರ್ಷಾನ ನುಂಗಿ ಕೂತಿತ್ತು. ಆ ತಾಯಿ ಸುಳ್ಳು ಹೇಳ್ತಿರ್ಲಿಲ್ಲ.

"ಕೊರೋನಾಗೆ ಬಲಿ" ಬಗ್ಗೆ ಜಾಸ್ತಿ ಬರೆಯಲ್ಲ, ಮಾರಿಗೆ ಕೊಡೋದು ಬಲಿ, ಕಾಯಿಲೆಗೆ ಬಂದ ಸಾವಿಗೆ ಅದು ಬೇಡ ಅಂತ ಎಲ್ಲಾ ಕಡೆ ತೆಗೆದುಹಾಕಿದೀನಿ.

ನನ್ನ ಪ್ರಶ್ನೆಗಳು. ಒಂದು, "ಕೋವಿಡ್‌ನೊಂದಿಗೆ" ಜಾಗಕ್ಕೆ "ಸೋಂಕಿದ್ದೂ ಬೇರೆ ಕಾರಣಕ್ಕೆ ತೀರಿಕೊಂಡವರು" ಅಂತ ಸದ್ಯಕ್ಕೆ ಹಾಕಿದೀನಿ, "ಇದ್ದು"ಗೆ ಒಂದು ದೀರ್ಘ ಕೊಟ್ಟು "ಇದ್ದೂ" ಮಾಡಿದ್ರೆ ಕಾರಣದ ಅರ್ಥ ಕಳಚಿಹೋಗುತ್ತೆ ಅಂತ ನನ್ನ ಕಿವಿ ಹೇಳುತ್ತೆ, ನಿಮ್ಮ ಕಿವಿಗೂ ಹಂಗೇನಾ? ಇನ್ನೊಂದು, ಧಾರವಾಡ, ಕಲಬುರಗಿ, ಮಂಗಳೂರು, ಕುಂದಾಪುರ ಕಡೆಯವರು ಮನೆಮಾತಲ್ಲಿ ಏನಂತೀರಿ, "ಕೊರೋನದಲ್ಲಿ" ಅನ್ನೋದು ನಿಮ್ಮಲ್ಲೂ ಕಾಲ ಕಾರಣ ಎರಡಕ್ಕೂ ನಡೆಯುತ್ತಾ? ಪುಟಗಳು ಸೋಮವಾರ ಅಚ್ಚಿಗೆ ಹೋಗ್ತವೆ, ಅಷ್ಟರೊಳಗೆ ಬರೆದ್ರೆ ತಿದ್ದೋಕೆ ಆಗುತ್ತೆ.