ಒಟಿಜಿ ಮತ್ತ ಕಾಯಿಲ್ ಒಲಿ ಸ್ವಚ್ಛ ಮಾಡೂದು: ಯಾವ ಸೋಡಾ, ಎಷ್ಟು ನೀರು?

ಪ್ರಶ್ನೆ (ಮಾಳಮಡ್ಡಿ, ಧಾರವಾಡ)

ಮನ್ಯಾಗ ಒಂದು ಒಟಿಜಿ (ಕೇಕ್, ಬ್ರೆಡ್ ಬೇಯಸೂ ಸಣ್ಣ ಕರೆಂಟ್ ಓವನ್) ಐತಿ, ಜೋಡಿ 2000 ವ್ಯಾಟಿನ ಕಾಯಿಲ್ ಒಲಿ. ಒಟಿಜಿ ಒಳಗ ಬೆಣ್ಣಿ ಸಿಡಿದು ಗ್ವಾಡಿಗೆ ಕಂದು ಕಲಿ ಕುಂತಾವ, ಬಾಗಲಾ ಗಾಜು ಹಳದಿ ಆಗೇತಿ. ಕಾಯಿಲ್ ಒಲಿ ಮ್ಯಾಲೆ ಶೇಂಗಾ ಉಂಡಿ ಪಾಕ ಉಕ್ಕಿ ಪಿಂಗಾಣಿ ಬಿಲ್ಲಿ ಸಂದ್ಯಾಗ ಕರ್ರಗ ಕಟ್ಟೇತಿ. ಅಂಗಡ್ಯಾಗ ಕಾಸ್ಟಿಕ್ ಸೋಡಾ ಹಚ್ರಿ ಅಂತಾರ, ವಿಡಿಯೋದಾಗ ಅಡಿಗಿ ಸೋಡಾದ ಮ್ಯಾಲೆ ವಿನೆಗರ್ ಸುರೀತಾರ. ಯಾವುದು ಖರೆ? ಈ ಮಳಿಗಾಲದಾಗ ಹಸಿ ಅರಿವಿಲೆ ಒರೆಸಿದ್ರ ಶಾಕ್ ಹೊಡಿಯೂದಿಲ್ಲೇನು?

ಉತ್ತರ 1 (ವಿದ್ಯಾನಗರ, ಹುಬ್ಬಳ್ಳಿ)

ಕಾಸ್ಟಿಕ್ ಸೋಡಾ ಒಟಿಜಿ ಹತ್ತಿರನೂ ತರಬ್ಯಾಡ್ರಿ. ಬಹಳಷ್ಟು ಒಟಿಜಿ ಒಳಗಿನ ತಗಡಿಗೆ ಅಲ್ಯೂಮಿನಿಯಂ ಇಲ್ಲಾ ಸತುವಿನ ಲೇಪ ಇರತೈತಿ. ಕಾಸ್ಟಿಕ್ ಅದನ್ನ ತಿಂತೈತಿ, ತಿನ್ನುವಾಗ ಹೈಡ್ರೋಜನ್ ಅನಿಲಾನೂ ಬಿಡತೈತಿ. ಲೇಪ ಹೋದ ಜಾಗಾಕ್ಕ ತುಕ್ಕು ಹಿಡಿಯೂದು ತಡಾ ಆಗೂದಿಲ್ಲ. ಸ್ಟೀಲ್ ಸ್ಕ್ರಬ್ಬರ್‌ಲೆ ಗ್ವಾಡಿ ಗಸಗಸ ತಿಕ್ಕಿದ್ರೂ ಗತಿ ಅದೇ.

ಪ್ಲಗ್ ಕಿತ್ತಿಡ್ರಿ. ಬರೇ ಸ್ವಿಚ್ ಆಫ್ ಮಾಡಿದ್ರ ಸಾಲೂದಿಲ್ಲ. ಒಂದು ತಾಸು ಆರಲಿ. ಕೆಳಗಿನ ಚೂರಿನ ಟ್ರೇ, ಜಾಳಿಗಿ ಹೊರಗ ತೆಗೀರಿ, ಒಳಗಿನ ಚೂರು ಒಣಾ ಕುಂಚದಿಂದ ಮುಂದಕ್ಕ ಎಳೀರಿ. ನಾಲ್ಕು ಚಮಚ ಅಡಿಗಿ ಸೋಡಾಕ್ಕ ಒಂದೂವರಿ ಚಮಚ ನೀರು ಹಾಕಿ, ದ್ವಾಸಿ ಹಿಟ್ಟಿಗಿಂತ ದಪ್ಪ ಕಲಸ್ರಿ. ತೆಳ್ಳಗಾದ್ರ ಹರಿದು ಕೆಳಗಿನ ಸಂದ್ಯಾಗ ಇಳೀತೈತಿ. ಅದನ್ನ ಗ್ವಾಡಿಗೆ, ಗಾಜಿಗೆ ಮಾತ್ರ ಹಚ್ರಿ. ಹೀಟಿಂಗ್ ರಾಡ್, ಅದರ ತುದೀಲಿರೋ ಬಿಳಿ ಪಿಂಗಾಣಿ ತುಣುಕು, ಲೈಟು, ಫ್ಯಾನಿನ ತೂತು, ಇವಕ್ಕ ಬ್ಯಾಡ. ಕೆಲವು ಮಾಡೆಲ್‌ನಾಗ ಪಕ್ಕದ ಗ್ವಾಡಿ ಮ್ಯಾಲೆ ತೆಳು ತಾಮ್ರದ ಕಡ್ಡಿ ಕಾಣತೈತಿ. ಅದು ಥರ್ಮೋಸ್ಟಾಟಿಂದು, ಬಗ್ಗಿಸಿದ್ರ ಉಷ್ಣತಾ ತಪ್ಪತೈತಿ.

ರಾತ್ರಿ ಹಚ್ಚಿ ಬಿಟ್ಟು, ಮುಂಜಾನೆ ಗಟ್ಟಿಯಾಗಿ ಹಿಂಡಿದ ಅರಿವಿಲೆ ಒರೆಸ್ರಿ. ಅರಿವಿಯಿಂದ ಒಂದು ಹನಿನೂ ಸೋರಬಾರದು. ಬಿಳಿ ಪುಡಿ ಉಳದ್ರ ಮತ್ತೊಮ್ಮಿ ಒರೆಸ್ರಿ. ರಾಡಿನ ಮ್ಯಾಲಿನ ಜಿಡ್ಡಿಗೆ ಕೈ ಹಚ್ಚೂದ ಬ್ಯಾಡ. ಎಲ್ಲಾ ಒಣಗಿದ ಮ್ಯಾಲೆ ಖಾಲಿ ಒಟಿಜಿ 200 ಡಿಗ್ರಿಗೆ ಒಂದು ಹತ್ತು ನಿಮಿಷ ಹಚ್ಚಿ, ಕಿಟಕಿ ತೆಗದಿಡ್ರಿ, ತಾನ ಸುಟ್ಟು ಹೋಗತೈತಿ.

ಸೋಡಾದ ಮ್ಯಾಲೆ ವಿನೆಗರ್ ಹಾಕೂದು ಬರೇ ಬುರುಗಿನ ಆಟ. ಒಂದು ಕ್ಷಾರ, ಒಂದು ಆಮ್ಲ. ಎರಡೂ ಒಂದನ್ನೊಂದು ಕಳಕೊಂಡು ಉಪ್ಪಿನ ನೀರಿನಂಥಾದು ಉಳೀತೈತಿ, ಜಿಡ್ಡು ಇದ್ದಲ್ಲೇ ಇರತೈತಿ.

ಜಾಳಿಗಿಗೆ ಮಾತ್ರ ವಾಷಿಂಗ್ ಸೋಡಾ ನಡೀತೈತಿ: ಐದು ಲೀಟರ್ ಬಿಸಿ ನೀರಿಗೆ ಅರ್ಧ ವಾಟಿ, ಎರಡು ತಾಸು ನೆನಸ್ರಿ, ಕೈಗೆ ಗ್ಲೌಸ್ ಇರಲಿ. ಅಲ್ಯೂಮಿನಿಯಂ ಟ್ರೇ ಅದರಾಗ ಮುಳುಗಸಬ್ಯಾಡ್ರಿ, ಕಪ್ಪಾಗತೈತಿ. ಅದಕ್ಕ ಭಾಂಡೆ ತಿಕ್ಕೂ ಲಿಕ್ವಿಡ್ ಸಾಕು.

ಉತ್ತರ 2 (ಗದಗ-ಬೆಟಗೇರಿ, ವಿದ್ಯುತ್ ಕೆಲಸ)

ಮ್ಯಾಲಿನವರು ಹೇಳಿದ ಪ್ಲಗ್ಗಿನ ಮಾತು ಕಾಯಿಲ್ ಒಲಿಗೆ ಇನ್ನೂ ಹೆಚ್ಚು ಅನ್ವಯಿಸತೈತಿ. ವೈರಿಂಗ್‌ನಾಗ ಫೇಸು, ನ್ಯೂಟ್ರಲ್ ಅದಲಿಬದಲಿ ಆಗಿದ್ರ ಸ್ವಿಚ್ ಆಫ್ ಇದ್ರೂ ಕಾಯಿಲ್‌ನಾಗ ಕರೆಂಟ್ ಇರತೈತಿ, ಕಾಯಿಲ್ ಅಂತೂ ಬರೇ ತಂತಿ.

ಪಾಕ ಸುಟ್ಟದ್ದನ್ನ ಚಾಕುಲೆ ಕೆರೀಬ್ಯಾಡ್ರಿ. ಕೆಂಪಗಾಗಿ ಕೆಂಪಗಾಗಿ ನೈಕ್ರೋಮ್ ತಂತಿ ಪೆಡಸಾಗಿರತೈತಿ, ಪಟ್ ಅಂತ ಮುರೀತೈತಿ. ಎಳದು ಉದ್ದಾದ್ರ ಸುರುಳಿ ಎಲ್ಲೋ ದಟ್ಟ, ಎಲ್ಲೋ ವಿರಳ ಆಗಿ, ಒಂದು ಕಡೆ ಹೆಚ್ಚು ಕಾದು ಅಲ್ಲೇ ಕಡೀತೈತಿ. ಭಾಂಡೆ ಇಡದ ಐದು ನಿಮಿಷ ಹಚ್ರಿ, ಪಾಕ ಹೊಗಿಯಾಗಿ ಬೂದಿ ಆಗತೈತಿ. ಆಫ್ ಮಾಡಿ, ಪ್ಲಗ್ ಕಿತ್ತು, ಪೂರಾ ತಣ್ಣಗಾದ ಮ್ಯಾಲೆ ಒಲಿ ಬೋರಲ ಹಾಕಿ ಮೆಲ್ಲಕ ತಟ್ರಿ. ಉಳಿದದ್ದನ್ನ ಪೇಂಟ್ ಹಚ್ಚೂ ಒಂದಿಂಚಿನ ಕುಂಚದಿಂದ ಸುರುಳಿ ಹೋದ ದಿಕ್ಕಿನಾಗ ಝಾಡಸ್ರಿ. ರೊಟ್ಟಿ ಹಿಟ್ಟು ಉದುರಿದ್ರೂ ಹಿಂಗ. ಬಿಲ್ಲಿಗೆ ನೀರು ಹಾಕಬ್ಯಾಡ್ರಿ, ಹೀರಿಕೊಳ್ಳತೈತಿ. ಸ್ಟೀಲ್ ಸ್ಕ್ರಬ್ಬರಿನ ಎಳಿ ಸಂದ್ಯಾಗ ಬಿದ್ರ ಶಾರ್ಟ್ ಆಗತೈತಿ.

ಕಡದ ಕಾಯಿಲ್ ತಿರುವಿ ಗಂಟು ಹಾಕಿದ್ರ ಆ ಗಂಟೇ ಮೊದಲು ಸುಡತೈತಿ. ಹೊಸಾದು ಹಾಕಸ್ರಿ. 2000 ವ್ಯಾಟ್ ಅಂದ್ರ 230 ವೋಲ್ಟಿಗೆ ಹತ್ತಿರ ಹತ್ತಿರ 8.7 ಆಂಪಿಯರ್, ಹಂಗಾಗಿ 16 ಆಂಪಿಯರ್ ಸಾಕೆಟ್ಟೇ ಬೇಕು. ಅರ್ಥಿಂಗ್ ಪಕ್ಕಾ ಇರಲಿ, ಯಾಕಂದ್ರ ಉಪ್ಪಿನ ಸಾರು ಉಕ್ಕಿ ಕಾಯಿಲ್ ಮ್ಯಾಲೆ ಬಿದ್ರ ಭಾಂಡೆಗೂ ಕರೆಂಟ್ ಬರತೈತಿ.

ಉತ್ತರ 3 (ಹಾವೇರಿ)

ಗಾಜಿನ ಬಗ್ಗೆ ಎರಡು ಮಾತು ಸೇರಿಸುತ್ತೇನೆ. ನಮ್ಮ ಕಡೆಯ ಬೋರ್‌ವೆಲ್ ನೀರು ಗಡಸು. ಒರೆಸಿದ ಮೇಲೆ ಬಿಳಿ ಕಲೆ ಉಳಿದರೆ ಅದು ಜಿಡ್ಡಲ್ಲ, ಸುಣ್ಣದ ಅಂಶ. ಅದಕ್ಕೆ ಸೋಡಾ ನಾಟುವುದಿಲ್ಲ. ಸೋಡಾ ಪೂರ್ತಿ ಒರೆಸಿ ತೆಗೆದ ನಂತರ ಸಮ ನೀರು ಬೆರೆಸಿದ ವಿನೆಗರ್ ಬಟ್ಟೆಗೆ ಹಚ್ಚಿಕೊಂಡು ಗಾಜು ಒರೆಸಿ. ಆದರೆ ಬ್ಲೀಚಿಂಗ್ ಪೌಡರ್ ಬಳಸಿದ ಕಡೆ ವಿನೆಗರ್, ನಿಂಬೆರಸ, ಶೌಚಾಲಯದ ಆಸಿಡ್ ಯಾವುದೂ ತಾಗಬಾರದು. ಕ್ಲೋರಿನ್ ಅನಿಲ ಏಳುತ್ತದೆ, ಮುಚ್ಚಿದ ಅಡುಗೆಮನೆಯಲ್ಲಿ ಅದು ಪ್ರಾಣಾಪಾಯ. ಬಿಸಿ ಗಾಜಿಗೆ ತಣ್ಣನೆ ಬಟ್ಟೆ ಮುಟ್ಟಿಸಬೇಡಿ, ಸೀಳುತ್ತದೆ.

ಇನ್‌ಫ್ರಾರೆಡ್ ಒಲೆ ಇದ್ದವರಿಗೆ: ಬೆಲ್ಲದ ಪಾಕ ಬಿದ್ದರೆ ತಣ್ಣಗಾಗುವ ತನಕ ಕಾಯಬೇಡಿ. ಆರಿದ ಪಾಕ ಗಾಜಿನ ಮೇಲ್ಮೈಯನ್ನೇ ಚಕ್ಕೆಯಾಗಿ ಎಬ್ಬಿಸುತ್ತದೆ. ಒಲೆ ಆರಿಸಿ, ದಪ್ಪ ಕೈಗವಸು ಹಾಕಿ, ಬಿಸಿ ಇರುವಾಗಲೇ ಗಾಜು ಕೆರೆಯುವ ಸ್ಕ್ರೇಪರ್ ಓರೆಯಾಗಿ ಹಿಡಿದು ದೂಡಿ ತೆಗೆಯಿರಿ.

ಪ್ರಶ್ನೆ ಕೇಳಿದವರು

ಎಲ್ಲಾರಿಗೂ ಧನ್ಯವಾದ ರೀ. ಒರೆಸಿದ ಮ್ಯಾಲೆ ಒಟಿಜಿ ಹಚ್ಚಿದ ಕೂಡ್ಲೇ ಆರ್‌ಸಿಸಿಬಿ (ಕರೆಂಟ್ ಸೋರಿದ್ರ ತಾನ ಲೈನ್ ಕಡಿಯೂ ಸ್ವಿಚ್) ಬಿದ್ರ ಏನ ಮಾಡೂದು?

ಉತ್ತರ 2 (ಗದಗ-ಬೆಟಗೇರಿ)

ರಾಡಿನೊಳಗ ತಂತಿ ಸುತ್ತ ಮೆಗ್ನೀಶಿಯಂ ಆಕ್ಸೈಡ್ ಪುಡಿ ತುಂಬಿರತಾರ. ಅದು ತುದಿಯಿಂದ ತೇವ ಎಳಕೊಳ್ಳತೈತಿ. ತೇವದಿಂದ ಕರೆಂಟ್ ಒಟಿಜಿಯ ಹೊರಗಿನ ತಗಡಿಗೆ ಸೋರತೈತಿ, ಮನಿ ಆರ್‌ಸಿಸಿಬಿ 30 ಮಿಲಿಆಂಪಿಯರಿಗೇ ಬೀಳತೈತಿ. ಮಳಿಗಾಲದಾಗ ತಿಂಗಳುಗಟ್ಟಲೆ ಹಚ್ಚದ ಇಟ್ಟ ಒಟಿಜಿಗೆ ನೀರು ತಾಕದಿದ್ರೂ ಹಿಂಗ ಆಗತೈತಿ. ಪ್ಲಗ್ ಕಿತ್ತು, ಬಾಗಲಾ ತೆಗದು ಎರಡು ದಿನ ಬಿಸಲಿಗೆ ಇಡ್ರಿ, ಬಿಸಲಿಲ್ಲಂದ್ರ ಹೇರ್ ಡ್ರೈಯರ್‌ಲೆ ರಾಡಿನ ತುದಿಗೆ ಬಿಸಿ ಗಾಳಿ ಕೊಡ್ರಿ. ಆಮ್ಯಾಲೆ 100 ಡಿಗ್ರಿಗೆ, ಬಾಗಲಾ ಅರ್ಧ ತೆಗದು ಇಪ್ಪತ್ತು ನಿಮಿಷ ಹಚ್ರಿ. ಆಗಲೂ ಬಿದ್ರ ರಾಡ್ ಹೋಗೇತಿ, ಬದಲಸ್ರಿ. ಅರ್ಥ್ ಪಿನ್ ಮುರದು ಇಲ್ಲಾ ಆರ್‌ಸಿಸಿಬಿ ತಪ್ಪಿಸಿ ಲೈನ್ ಕೊಟ್ಟು "ಈಗ ಸರಿ ಆತು" ಅನ್ನೋರು ಅದಾರ. ಹಂಗ ಯಾರರ ಮಾಡಾಕ ಬಂದ್ರ ಮಾಡಗೊಡಬ್ಯಾಡ್ರಿ, ಸೋರೂ ಕರೆಂಟ್ ಆವಾಗ ಬಾಗಲಾ ಹಿಡಿದವರ ಮೈಯಾಗ ಹರೀತೈತಿ.