ಕೀಪರ್ ಲೀಗ್‌ನಲ್ಲಿ ಆಟಗಾರರ ಸಂಬಳ ವರ್ಷ ವರ್ಷ ಏರಿಸುತ್ತೀರಾ?

ಮಿಲ್ಪಿಟಾಸ್_ಮಾವ:
ನಮ್ಮದು 12 ತಂಡಗಳ ಫ್ಯಾಂಟಸಿ ಬೇಸ್‌ಬಾಲ್ ಲೀಗ್, ಅಂದರೆ ನಿಜವಾದ ಆಟಗಾರರನ್ನು ಹರಾಜಿನಲ್ಲಿ ಕೊಂಡು ಕಾಗದದ ಮೇಲೆ ತಂಡ ಕಟ್ಟುವುದು, ಅವರ ನಿಜವಾದ ಆಟವೇ ನಮ್ಮ ಅಂಕ. ಕೀಪರ್ ಅಂದರೆ ಕೊಂಡವರನ್ನು ಮುಂದಿನ ವರ್ಷಕ್ಕೂ ಉಳಿಸಿಕೊಳ್ಳಬಹುದು. ಎಲ್ಲರೂ ಬೇ ಏರಿಯಾ ಕನ್ನಡದವರು. ತಂಡಕ್ಕೆ ಖರ್ಚು ಮಾಡಲು 260 ಡಾಲರ್, 23 ಆಟಗಾರರು. ಹರಾಜಿನಲ್ಲಿ ಕೊಟ್ಟ ಬೆಲೆಯೇ ಸಂಬಳ, ಎಷ್ಟು ವರ್ಷ ಬೇಕಾದರೂ ಅದೇ ಸಂಬಳಕ್ಕೆ ಇಟ್ಟುಕೊಳ್ಳಬಹುದು ಅಂತ ಶುರುವಿನಲ್ಲಿ ಸುಮ್ನೆ ಬರೆದುಬಿಟ್ಟೆವು. ಈಗ ಅದೇ ತಲೆನೋವು. 2023ರಲ್ಲಿ ಎಲಿ ಡೆ ಲಾ ಕ್ರೂಸ್ ಇನ್ನೂ ಮೈನರ್ ಲೀಗ್‌ನಲ್ಲಿ (ಮೇಜರ್ ಲೀಗ್‌ಗಿಂತ ಕೆಳಹಂತ) ಇದ್ದಾಗ ಒಬ್ಬರು 4 ಡಾಲರಿಗೆ ಎತ್ತಿಕೊಂಡರು. ಆತ ಮರುವರ್ಷ 67 ಬೇಸ್ ಕದ್ದ (ಹೊಡೆತಕ್ಕೆ ಕಾಯದೆ ಓಡಿ ಮುಂದಿನ ಬೇಸ್ ಹಿಡಿಯುವುದು), ನಮ್ಮಲ್ಲಿ ಅದಕ್ಕೂ ಅಂಕ. ಸಂಬಳ ಇವತ್ತಿಗೂ 4! ನಾನು 2024ರಲ್ಲಿ ಪಿಚರ್ (ಚೆಂಡೆಸೆಯುವವ) ಸ್ಪೆನ್ಸರ್ ಸ್ಟ್ರೈಡರ್‌ಗೆ 34 ಡಾಲರ್ ಸುರಿದೆ, ಎರಡೇ ಪಂದ್ಯ ಆಡಿ ಮೊಣಕೈ ಆಪರೇಷನ್‌ಗೆ ಹೋದ. ಕೈಬಿಟ್ಟರೂ ಸಂಬಳ ಪೂರ್ತಿ ನನ್ನ ಲೆಕ್ಕಕ್ಕೇ. ನೀವೆಲ್ಲ ಹೇಗೆ ಮಾಡುತ್ತೀರಿ?

ಹಳೇ_ಅಂಪೈರ್:
ಹೊಸದಾಗಿ ಯೋಚಿಸುವುದೇನೂ ಬೇಡ. 1980ರಲ್ಲಿ ಡೇನಿಯಲ್ ಒಕ್ರೆಂಟ್ ಮತ್ತು ಗೆಳೆಯರು ನ್ಯೂಯಾರ್ಕ್‌ನಲ್ಲಿ ಶುರು ಮಾಡಿದ ರೋಟಿಸರಿ ಅನ್ನುವ ಫ್ಯಾಂಟಸಿ ಬೇಸ್‌ಬಾಲ್ ಆಟದ ನಿಯಮದಲ್ಲೇ ಇದಕ್ಕೆ ಮದ್ದು ಇದೆ. ಎರಡು ವರ್ಷ ಅದೇ ಸಂಬಳ. ಮೂರನೇ ವರ್ಷಕ್ಕೆ ಮುಂಚೆ ತೀರ್ಮಾನ ಮಾಡಬೇಕು: ಬಿಡುತ್ತೀರಾ, ಅದೇ ಸಂಬಳಕ್ಕೆ ಇನ್ನೊಂದೇ ವರ್ಷ ಇಟ್ಟುಕೊಂಡು ಹರಾಜಿಗೆ ವಾಪಸ್ ಕೊಡುತ್ತೀರಾ, ಅಥವಾ ಅದರಾಚೆಗೂ ಕಾಂಟ್ರ್ಯಾಕ್ಟ್ ಮಾಡುತ್ತೀರಾ. ಆಚೆಗಿನ ಪ್ರತಿ ವರ್ಷಕ್ಕೆ 5 ಡಾಲರ್ ಸೇರಿಸಬೇಕು, ಅದೂ ಮೂರನೇ ವರ್ಷದಿಂದಲೇ. ಎಲಿಯನ್ನು ಮೂರನೇ ವರ್ಷದಾಚೆ ಇನ್ನೆರಡು ವರ್ಷ ಬೇಕು ಅಂದಿದ್ದರೆ ಆ ಮೂರೂ ವರ್ಷ ಸಂಬಳ 14 ಆಗುತ್ತಿತ್ತು. ಈಗಲೂ ಅಗ್ಗವೇ, ಆದರೆ ಪುಕ್ಕಟೆ ಅಲ್ಲ.

ಬೆಣ್ಣೆದೋಸೆ_ಬುಲ್‌ಪೆನ್:
ನಾನು ಒಟ್ಟೊನ್ಯೂ ಅನ್ನುವ ಆನ್‌ಲೈನ್ ಫ್ಯಾಂಟಸಿ ಆಟದಲ್ಲಿ ಆಡುತ್ತೇನೆ. ಅಲ್ಲಿ 400 ಡಾಲರ್, 40 ಆಟಗಾರರು. ಮೇಜರ್ ಲೀಗ್‌ನಲ್ಲಿ ಆಡಿದವನಿಗೆ ವರ್ಷಕ್ಕೆ 2 ಡಾಲರ್ ಏರುತ್ತದೆ, ಉಳಿದವರಿಗೆ 1. ಇಷ್ಟೇ ಆದರೆ ಎಲಿಯಂಥವನು ಹತ್ತು ವರ್ಷ ಒಬ್ಬರ ಜೇಬಲ್ಲೇ ಇರುತ್ತಾನೆ, ಅದಕ್ಕೇ ಸೀಸನ್ ಮುಗಿದ ಮೇಲೆ ಪ್ರತಿ ತಂಡಕ್ಕೂ 25 ಡಾಲರ್ ಕೊಡುತ್ತಾರೆ, ಅದನ್ನು ಬೇರೆಯವರ ಆಟಗಾರರ ಸಂಬಳದ ಮೇಲೆ ಹೇರಬೇಕು. ಎಲ್ಲರೂ ಸೇರಿ ಅಗ್ಗದ ಸ್ಟಾರ್ ಮೇಲೆ ಮುಗಿಬೀಳುವುದು ನೋಡಲು ಭಾರೀ ಮಜಾ. ಕೈಬಿಟ್ಟರೆ ಅರ್ಧ ಸಂಬಳ ಮಾತ್ರ ದಂಡ, ಸ್ಟ್ರೈಡರ್ 17ರಲ್ಲಿ ಮುಗಿಯುತ್ತಿದ್ದ.

ಮಿಲ್ಪಿಟಾಸ್_ಮಾವ:
ಅರ್ಧ ದಂಡ ಇಷ್ಟವಾಯಿತು. ಹಾಗಾದರೆ ಈ ಮಾರ್ಚ್ ಹರಾಜಿಗೇ ಸಂಬಳ ಏರಿಕೆ, ಅರ್ಧ ದಂಡ ಎರಡೂ ಜಾರಿ ಮಾಡಿಬಿಡಲಾ?

ಹಳೇ_ಅಂಪೈರ್:
ಅಯ್ಯೋ ಬೇಡ ಮಾರಾಯ್ರೇ. ಆ ಸಂಬಳ ನಂಬಿ ಜನ ಟ್ರೇಡ್ ಮಾಡಿರುತ್ತಾರೆ, ಈಗ ಬದಲಾಯಿಸಿದರೆ ಊಟಕ್ಕೆ ಕೂತವರ ಎಲೆ ಎಳೆದ ಹಾಗೆ. ಒಂದು ವರ್ಷ ಮುಂಚೆ ಹೇಳಿ. ಮತ್ತೆ ಹರಾಜಿಗೆ ಮುಂಚೆ ಒಂದು ಲೆಕ್ಕ ಹಾಕಿ. 12 ತಂಡಗಳದ್ದೂ ಸೇರಿ ಒಟ್ಟು ದುಡ್ಡು 3120. ಉಳಿಸಿಕೊಂಡವರ ಸಂಬಳ 900, ಅವರ ನಿಜವಾದ ಬೆಲೆ 1500 ಅಂತಿಟ್ಟುಕೊಳ್ಳಿ. ಉಳಿದ 2220 ಡಾಲರ್ ಬರೀ 1620 ಬೆಲೆಯ ಆಟಗಾರರ ಹಿಂದೆ ಓಡುತ್ತದೆ, ಅಂದರೆ 20ರವನು 27ಕ್ಕೆ ಹೋಗುತ್ತಾನೆ. ಸಂಬಳ ಏರಿಸದೇ ಇದ್ದರೆ ಈ ಉಬ್ಬರ ಪ್ರತಿ ವರ್ಷ ಜಾಸ್ತಿ ಆಗುತ್ತಾ ಹೋಗುತ್ತದೆ.

ಫ್ರೀಮಾಂಟ್_ಫಾಸ್ಟ್‌ಬಾಲ್:
ಆ 4 ಡಾಲರಿನ ಎಲಿ ನನ್ನವನೇ. ಮುಂದಿನ ವರ್ಷದಿಂದ ಆದರೆ ನನ್ನ ತಕರಾರಿಲ್ಲ. ಆದರೆ ಒಂದು ಮಾತು ಮಾವ, ಆ ರೂಲ್ ಶೀಟ್‌ನಲ್ಲಿ ‘ಅದೇ ಸಂಬಳ’ ಅನ್ನುವ ಸಾಲು ಟೈಪ್ ಮಾಡಿದ್ದು ನೀವೇ ಅಲ್ವಾ?