ಹಾಡಿಗೆ ಕುಣಿಯುವ ಗ್ರಾಫಿಕ್ಸ್: ಈ ವಾರದ ಪ್ರಶ್ನೋತ್ತರ

ನಮಸ್ಕಾರ. ಈ ವಾರ ಉತ್ತರ ಹೇಳೋ ಸರದಿ ನನ್ನದು. ಬೆಂಗಳೂರಲ್ಲಿ ಮೋಷನ್ ಗ್ರಾಫಿಕ್ಸ್ ಕೆಲಸ ಶುರು ಮಾಡಿ ಹನ್ನೊಂದು ವರ್ಷ ಆಯ್ತು. ಲಿರಿಕಲ್ ವಿಡಿಯೊ, ಆಲ್ಬಂ ಟೀಸರ್, ವೇದಿಕೆ ಹಿಂದಿನ ಎಲ್‌ಇಡಿ ಗೋಡೆ, ಇವೇ ಹೆಚ್ಚು. ಸಂಗೀತಕ್ಕೆ ಸ್ಪಂದಿಸೋ ಗ್ರಾಫಿಕ್ಸ್ ಬಗ್ಗೆ ಏನು ಬೇಕಾದ್ರೂ ಕೇಳಿ. "ಯಾವ ಲ್ಯಾಪ್‌ಟಾಪ್ ತಗೊಳ್ಳಲಿ" ಅನ್ನೋದೊಂದು ಬಿಟ್ಟು.

ಪ್ರಶ್ನೆ (ಹುಬ್ಬಳ್ಳಿಯಿಂದ): ಆಫ್ಟರ್ ಎಫೆಕ್ಟ್ಸ್ ಅನ್ನೋ ಅನಿಮೇಷನ್ ಸಾಫ್ಟ್‌ವೇರ್‌ನಲ್ಲಿ ಹಾಡನ್ನು ಕೀಫ್ರೇಮ್ (ಯಾವ ಕ್ಷಣಕ್ಕೆ ಯಾವ ಬೆಲೆ ಅಂತ ಹೇಳೋ ಗುರುತು) ಮಾಡಿ ಲೋಗೊದ ಸ್ಕೇಲ್‌ಗೆ, ಅಂದ್ರೆ ಗಾತ್ರಕ್ಕೆ, ಜೋಡಿಸಿದೆ. ಹಾಡು ಶುರುವಾಗಿದ್ದೇ ತಡ, ಮೂರೂವರೆ ನಿಮಿಷ ಲೋಗೊ ಗಡಗಡ ನಡುಗುತ್ತೆ. ಪೆಟ್ಟು ಬಿದ್ದಾಗ ಮಾತ್ರ ಕುಣಿಯೋ ಹಾಗೆ ಮಾಡೋದು ಹೇಗೆ?

ಉತ್ತರ: ಎಲ್ಲರಿಗೂ ಮೊದಲು ಬರೋ ಕಾಯಿಲೆ ಇದು. ನನ್ನ ಮೊದಲ ಡೊಳ್ಳಿನ ಹಾಡಿನ ವಿಡಿಯೊ ನೋಡಿ ಕ್ಲೈಂಟ್, "ಏನ್ ಸಾರ್, ಹೆಸರಿಗೆ ಚಳಿಜ್ವರ ಬಂದಿದ್ಯಾ?" ಅಂದಿದ್ರು.

ಕಾರಣ ಸರಳ. ಕನ್ವರ್ಟ್ ಆಡಿಯೊ ಟು ಕೀಫ್ರೇಮ್ಸ್ ಒತ್ತಿದಾಗ ಆಡಿಯೊ ಆಂಪ್ಲಿಟ್ಯೂಡ್ ಅಂತ ಒಂದು ಲೇಯರ್ ಹುಟ್ಟುತ್ತೆ. ಅದರಲ್ಲಿ ಎಡ, ಬಲ, ಎರಡೂ ಸೇರಿದ್ದು, ಹೀಗೆ ಮೂರು ಸ್ಲೈಡರ್. ಪ್ರತಿ ಫ್ರೇಮ್‌ಗೂ ಒಂದೊಂದು ಕೀಫ್ರೇಮ್. ಅದು ಅಳೆಯೋದು ಒಟ್ಟು ಸದ್ದು ಮಾತ್ರ. ಹಾಡುವವರು, ಕೊಳಲು, ಶ್ರುತಿ, ಡೊಳ್ಳು ಎಲ್ಲ ಒಂದೇ ಗೋಣಿಚೀಲದಲ್ಲಿ. ಚೀಲ ಯಾವಾಗಲೂ ತುಂಬಿರುತ್ತೆ, ಹಾಗಾಗಿ ಲೋಗೊ ಯಾವಾಗಲೂ ನಡುಗುತ್ತೆ.

ಮೊದಲ ಮದ್ದು, ಹೊಸ್ತಿಲು ಕಟ್ಟೋದು. ಸ್ಕೇಲ್ ಮೇಲೆ ಲೀನಿಯರ್ ಎಂಬ ಎಕ್ಸ್‌ಪ್ರೆಷನ್, ಅಂದ್ರೆ ಪುಟ್ಟ ಕೋಡ್, ಹಾಕಿ. ಅದಕ್ಕೆ ಐದು ವಿಷಯ ಹೇಳಬೇಕು: ಯಾವ ಸ್ಲೈಡರ್ ನೋಡಬೇಕು, ಅದರ ಕೆಳಮಿತಿ, ಮೇಲ್ಮಿತಿ, ನಮಗೆ ಬೇಕಾದ ಕನಿಷ್ಠ, ಗರಿಷ್ಠ. ಗ್ರಾಫ್ ತೆರೆದು ನೋಡಿ. ಸ್ಲೈಡರ್ ಸಾಮಾನ್ಯವಾಗಿ 10ರ ಆಸುಪಾಸು ಓಡಾಡಿಕೊಂಡಿದ್ದು, ಡೊಳ್ಳಿನ ಪೆಟ್ಟಿಗೆ ಮಾತ್ರ 22ಕ್ಕೆ ಹಾರುತ್ತೆ ಅಂದುಕೊಳ್ಳಿ. ಆಗ ಕೆಳಮಿತಿ 14, ಮೇಲ್ಮಿತಿ 22, ಸ್ಕೇಲ್ 100ರಿಂದ 110. ಸ್ಲೈಡರ್ 14ರ ಕೆಳಗೆ ಎಷ್ಟೇ ಗಲಾಟೆ ಮಾಡಿದ್ರೂ ಲೋಗೊ 100ರಲ್ಲೇ ಕೂತಿರುತ್ತೆ. 110 ಕಮ್ಮಿಯಾಯ್ತು ಅನ್ನಿಸಬಹುದು, ಆದ್ರೆ ದೊಡ್ಡ ಪರದೆಯಲ್ಲಿ ಅದೇ ಜಾಸ್ತಿ.

ಎರಡನೇ ಮದ್ದು, ಡೊಳ್ಳಿನ ಟ್ರ್ಯಾಕ್ ಒಂದನ್ನೇ ಪಡೆದು ಅದರಿಂದ ಮಾತ್ರ ಕೀಫ್ರೇಮ್ ಮಾಡೋದು. ಮೂಲ ಹಾಡು ಕೇಳೋದಕ್ಕೆ ಇರಲಿ, ಬಿಡಿ ಟ್ರ್ಯಾಕ್ ಅಳೆಯೋದಕ್ಕೆ. ಇದು ಸಿಕ್ಕಿದ್ರೆ ಅರ್ಧ ಕೆಲಸ ಮುಗೀತು. ಮತ್ತೆ, ಈ ಅಳತೆ ವರ್ಕ್ ಏರಿಯಾದೊಳಗೆ (ಟೈಮ್‌ಲೈನ್‌ನಲ್ಲಿ ನೀವು ಆರಿಸಿದ ಭಾಗ) ಮಾತ್ರ ನಡೆಯುತ್ತೆ. ಚರಣದ ಹೊತ್ತಿಗೆ ಗ್ರಾಫಿಕ್ಸ್ ಸತ್ತುಹೋಗಿದ್ರೆ ಮೊದಲು ಅದನ್ನು ನೋಡಿ.

ಅವರೇ ಮುಂದುವರಿಸಿ: ಹೊಸ್ತಿಲು ಕಟ್ಟಿದ ಮೇಲೆ ನಡುಕ ಕಮ್ಮಿಯಾಯ್ತು. ಆದ್ರೆ ಹೊಡೆತ ಚಿಟಿಕೆ ಹೊಡೆದ ಹಾಗಿದೆ, ತೂಕ ಇಲ್ಲ. ಸ್ಮೂತ್ ಹಾಕಲಾ?

ಉತ್ತರ: ಬೇಡ. ಸ್ಮೂತ್ ಹಿಂದಿನ ಮುಂದಿನ ಫ್ರೇಮ್‌ಗಳ ಸರಾಸರಿ ತೆಗೆಯುತ್ತೆ. ಚೂಪಾದ ತುದಿ ದುಂಡಗಾಗುತ್ತೆ, ಜೊತೆಗೆ ಪೆಟ್ಟು ಬೀಳೋದಕ್ಕೆ ಮುಂಚೆನೇ ಲೋಗೊ ಮೇಲೇಳೋಕೆ ಶುರು ಮಾಡುತ್ತೆ. ಗುಡಿಯ ಗಂಟೆ ನೆನಪಿಸಿಕೊಳ್ಳಿ: ಹೊಡೆದ ಕ್ಷಣಕ್ಕೆ ಪೂರ್ತಿ ಸದ್ದು, ಆಮೇಲೆ ನಿಧಾನ ಇಳಿತ. ಕಣ್ಣಿಗೂ ಅದೇ ಬೇಕು.

ಎಕ್ಸ್‌ಪ್ರೆಷನ್‌ನಲ್ಲಿ ಒಂದು ಲೂಪ್ ಬರೆಯಿರಿ. ಈಗಿನ ಫ್ರೇಮ್‌ನಿಂದ ಹಿಂದಕ್ಕೆ ಹತ್ತು ಫ್ರೇಮ್ ನೋಡಲಿ. ಒಂದೊಂದು ಹೆಜ್ಜೆ ಹಿಂದೆ ಹೋದ ಹಾಗೂ ಆ ಬೆಲೆಯನ್ನು ಮತ್ತೊಮ್ಮೆ 0.85ರಿಂದ ಗುಣಿಸಲಿ. ಕೊನೆಗೆ ಎಲ್ಲದರಲ್ಲಿ ದೊಡ್ಡದನ್ನು ಆರಿಸಲಿ. ಹೀಗಾದ್ರೆ ಏರೋದು ಒಂದೇ ಫ್ರೇಮ್‌ನಲ್ಲಿ. ಹತ್ತು ಫ್ರೇಮ್ ಕಳೆದಾಗ ಸುಮಾರು ಐದನೇ ಒಂದು ಭಾಗ ಉಳಿದಿರುತ್ತೆ. ತೂಕ ತಾನಾಗೇ ಬರುತ್ತೆ. ಡೊಳ್ಳಿಗೆ 0.85, ಗೆಜ್ಜೆಗೆ 0.6, ಹೀಗೆ ಕಿವಿ ಹೇಳಿದ ಹಾಗೆ ಬದಲಾಯಿಸಿ.

ಪ್ರಶ್ನೆ (ಮೈಸೂರಿನಿಂದ): ಕರ್ನಾಟಕ ಸಂಗೀತ ಕಛೇರಿಯ ವಿಡಿಯೊ ಮಾಡ್ತಿದ್ದೀನಿ. ಮೃದಂಗಕ್ಕೆ ಮಾತ್ರ ಸ್ಪಂದಿಸೋ ಮಂಡಲ ಬೇಕು. ಯೂಟ್ಯೂಬ್ ಪಾಠದಲ್ಲಿ ಹೇಳಿದ ಹಾಗೆ 100 ಹರ್ಟ್ಸ್ ಕೆಳಗಿನದನ್ನು ಮಾತ್ರ ಸೋಸಿದೆ. ಅರ್ಧ ಪೆಟ್ಟು ಮಾಯ.

ಉತ್ತರ: ಆ ಪಾಠ ಕಿಕ್ ಡ್ರಮ್‌ಗೆ ಬರೆದದ್ದು. ಕಿಕ್ ಡ್ರಮ್ ಪಾಪ ಕೆಳಗಡೆ ಒಂದು ಮೂಲೆಯಲ್ಲಿ ಕೂತಿರುತ್ತೆ, ಸೋಸಿದ್ರೆ ಸಿಕ್ಕಿಬಿಡುತ್ತೆ. ಮೃದಂಗ ಹಾಗಲ್ಲ.

ಸಾಮಾನ್ಯ ಚರ್ಮವಾದ್ಯದಿಂದ ಹೊರಡೋ ಉಪಸ್ವರಗಳು (ಮೂಲ ನಾದದ ಜೊತೆ ಮೂಡೋ ಮೇಲಿನ ನಾದಗಳು) ಒಂದಕ್ಕೊಂದು ಲೆಕ್ಕಕ್ಕೆ ಸಿಗೋಲ್ಲ, ಅದಕ್ಕೇ ಅದು ಬರೀ ಸದ್ದು. ಮೃದಂಗ, ತಬಲಾಗಳ ಕರಣೆ, ಆ ಕಪ್ಪು ವೃತ್ತ, ಚರ್ಮದ ನಡುವೆ ಭಾರ ಹೇರಿ ಉಪಸ್ವರಗಳನ್ನು ಒಂದು, ಎರಡು, ಮೂರು ಅಂತ ಸಾಲಾಗಿ ನಿಲ್ಲಿಸುತ್ತೆ. ಸಿ.ವಿ. ರಾಮನ್ ಇದನ್ನು 1920ರಲ್ಲೇ ನೇಚರ್ ಪತ್ರಿಕೆಯಲ್ಲಿ ಬರೆದ್ರು, 1934ರಲ್ಲಿ ಇನ್ನೂ ವಿವರವಾಗಿ. ನಮಗೆ ಇದರಲ್ಲಿ ತಲೆನೋವು ಏನಪ್ಪಾ ಅಂದ್ರೆ, ಬಲದ ಮುಖವನ್ನು ಗಾಯಕರ ಶ್ರುತಿಗೇ ಸೇರಿಸಿರ್ತಾರೆ. ಅಂದ್ರೆ ಮೃದಂಗದ ನಾದ, ತಂಬೂರಿಯ ನಾದ, ಹಾಡುವವರ ಷಡ್ಜ, ಎಲ್ಲ ಒಂದೇ ಜಾಗದಲ್ಲಿ ಕೂತಿರುತ್ತೆ. ನೀವು ಜರಡಿ ಎಲ್ಲಿ ಹಿಡಿದ್ರೂ ಮೂರೂ ಒಟ್ಟಿಗೆ ಬೀಳುತ್ತೆ, ಇಲ್ಲ ಮೂರೂ ಒಟ್ಟಿಗೆ ಹೋಗುತ್ತೆ. ನಿಮ್ಮ 100 ಹರ್ಟ್ಸ್ ಜರಡಿಗೆ ಸಿಕ್ಕಿದ್ದು ಎಡಗಡೆ ಮುಖ ತೊಪ್ಪಿಯ ಗುಂಕಿ, ಆ ದಪ್ಪ ನಾದ, ಮಾತ್ರ. ಬಲಗೈಯ ಕೆಲಸ ಪೂರ್ತಿ ಹೊರಗೆ ಉಳೀತು.

ದಾರಿ ಎರಡು. ಸ್ಟುಡಿಯೊದಲ್ಲಿ ಮುದ್ರಿಸಿದ್ದಾದ್ರೆ ಸಂಕೋಚ ಬಿಟ್ಟು ಬಿಡಿ ಟ್ರ್ಯಾಕ್ ಕೇಳಿ. ಮೃದಂಗಕ್ಕೆ ಬೇರೆ ಮೈಕ್ ಇದ್ದೇ ಇರುತ್ತೆ. ಸಿಗದೇ ಇದ್ರೆ ಡೆಮುಕ್ಸ್ ಅಥವಾ ಸ್ಪ್ಲೀಟರ್‌ನಂಥ ಉಚಿತ ಉಪಕರಣಗಳಿವೆ, ಹಾಡನ್ನು ದನಿ, ಡ್ರಮ್ಸ್, ಬಾಸ್, ಉಳಿದದ್ದು ಅಂತ ಬಿಡಿಸಿಕೊಡುತ್ತವೆ. ಸಿನಿಮಾ ಹಾಡಿಗೆ ಬೆರಗು ಹುಟ್ಟಿಸೋ ಹಾಗೆ ಕೆಲಸ ಮಾಡ್ತವೆ. ಕಛೇರಿಗೆ ನನ್ನ ಅನುಭವದಲ್ಲಿ ಅಷ್ಟಕ್ಕಷ್ಟೇ: ಮೃದಂಗ ಸ್ವಲ್ಪ ಡ್ರಮ್ಸ್‌ಗೆ, ಸ್ವಲ್ಪ ಉಳಿದದ್ದಕ್ಕೆ ಹಂಚಿಹೋಗುತ್ತೆ. ಆದ್ರೂ ಡ್ರಮ್ಸ್ ಫೈಲ್‌ನಲ್ಲಿ ಪೆಟ್ಟಿನ ಚೂಪು ಉಳಿದಿರುತ್ತೆ, ನಾದ ಕಿವಿಗೆ ಕೆಟ್ಟದಾಗಿ ಕೇಳಿಸಿದ್ರೂ ಚಿಂತೆ ಇಲ್ಲ. ಅದನ್ನು ಯಾರಿಗೂ ಕೇಳಿಸೋದಿಲ್ಲವಲ್ಲ, ಅಳೆಯೋದು ತಾನೆ.

ಪ್ರಶ್ನೆ (ದುಬೈನಿಂದ): ಆಡಿಯೊ ಸ್ಪೆಕ್ಟ್ರಮ್ ಎಫೆಕ್ಟ್ ಹಾಕಿದ್ರೆ ಎಡಗಡೆಯ ಮೂರ್ನಾಲ್ಕು ಕಂಬಿ ಮಾತ್ರ ಆಕಾಶಕ್ಕೆ ಏಳುತ್ತೆ, ಬಲಗಡೆ ಮಲಗಿರುತ್ತೆ. ಭಾವಗೀತೆ, ಗಂಡು ದನಿ.

ಉತ್ತರ: ಕಂಬಿಗಳನ್ನು ಅದು ಸಮಾನ ಅಂತರದಲ್ಲಿ ಹಂಚುತ್ತೆ, ನಮ್ಮ ಕಿವಿ ಹಾಗೆ ಹಂಚೋಲ್ಲ. 20ರಿಂದ 10,000 ಹರ್ಟ್ಸ್‌ವರೆಗೆ 64 ಕಂಬಿ ಇಟ್ರೆ ಒಂದೊಂದು ಕಂಬಿಗೆ ಸುಮಾರು 156 ಹರ್ಟ್ಸ್. ಒಂದು ಕಟ್ಟೆಯಲ್ಲಿ, ಅಂದ್ರೆ ಸಿ ಶ್ರುತಿಯಲ್ಲಿ, ಹಾಡುವವರ ಮಧ್ಯ ಷಡ್ಜ ಸುಮಾರು 131, ತಾರ ಷಡ್ಜ 262. ಒಂದಿಡೀ ಸ್ಥಾಯಿ ಎರಡು ಕಂಬಿಯೊಳಗೆ ಮುಗಿದುಹೋಯ್ತು! ಬಲಗಡೆ ಉಳಿಯೋದು ಉಪಸ್ವರ ಮತ್ತು ಸಕಾರ, ಶಕಾರಗಳ ಸೀಟಿ.

ಎಂಡ್ ಫ್ರೀಕ್ವೆನ್ಸಿಯನ್ನು 1,500ಕ್ಕೆ ಇಳಿಸಿ, ಸ್ಟಾರ್ಟ್ 100 ಇರಲಿ. ಅಷ್ಟಕ್ಕೇ ಎಲ್ಲ ಕಂಬಿಗೂ ಕೆಲಸ ಸಿಗುತ್ತೆ. ಇನ್ನೊಂದು ಮಾತು: ಕಂಬಿಗಳ ಸಾಲು ಯಾಕೆ ಬೇಕು? ಅದು ಹಳೇ ಮ್ಯೂಸಿಕ್ ಸಿಸ್ಟಮ್‌ನ ಮುಖ. ಅದೇ ಎಫೆಕ್ಟ್‌ನಲ್ಲಿ ಪಾತ್ ಆಯ್ಕೆ ಇದೆ, ಪೆನ್ ಟೂಲ್‌ನಿಂದ ಮಾಸ್ಕ್ ಎಳೆದು ಬೆಟ್ಟದ ಗೆರೆ ಮೇಲೋ ಸೆರಗಿನ ಅಂಚಿನ ಮೇಲೋ ಹರಿಸಬಹುದು. ಭಾವಗೀತೆಗೆ ಅದು ಒಪ್ಪುತ್ತೆ.

ಸದಸ್ಯರೊಬ್ಬರು: ಇಷ್ಟೆಲ್ಲ ಗಣಿತ ಯಾಕೆ ಸಾರ್? ನಾನು ಕೈಯಲ್ಲೇ ಕೀಫ್ರೇಮ್ ಇಡ್ತೀನಿ. ಒಂದು ಹಾಡಿಗೆ ಎರಡು ಗಂಟೆ.

ಉತ್ತರ: ಅರ್ಧ ಒಪ್ಪಿದೆ. ನಾನೂ ಮುಖ್ಯವಾದ ಏಳೆಂಟು ಹೊಡೆತ ಕೈಯಲ್ಲೇ ಇಡೋದು. ಯಾಕಂದ್ರೆ ಈ ಸಾಫ್ಟ್‌ವೇರ್‌ಗೆ ಜೋರು ಗೊತ್ತಾಗುತ್ತೆ, ತಾಳ ಗೊತ್ತಾಗಲ್ಲ. ಅನಾಗತದಲ್ಲಿ ಎತ್ತಿಕೊಂಡ ಪಲ್ಲವಿಯಲ್ಲಿ ಸಮ (ತಾಳದ ಮೊದಲ ಪೆಟ್ಟು) ಬೀಳೋವಾಗ ಹಾಡುವವರು ಸುಮ್ಮನಿರ್ತಾರೆ, ದನಿ ಬರೋದು ಆಮೇಲೆ. ಯಂತ್ರ ಆ ದನಿಯನ್ನೇ ಪೆಟ್ಟು ಅಂದುಕೊಳ್ಳುತ್ತೆ. ಸಂಗೀತ ಗೊತ್ತಿರೋ ನೋಡುಗರಿಗೆ ಕಲ್ಲು ಕಡಿದ ಹಾಗಾಗುತ್ತೆ. ಮಿಶ್ರ ಛಾಪು ತಾಳದ ಏಳು ಎಣಿಕೆಯನ್ನು ಮೂರು, ನಾಲ್ಕಾಗಿ ಒಡೆದು ತೋರಿಸೋದಂತೂ ಕೈಯಿಂದಲೇ ಆಗಬೇಕು.

ಹಾಡಿನ ಲೇಯರ್ ಆರಿಸಿಕೊಂಡು ಪ್ರಿವ್ಯೂ ಓಡಿಸಿ, ನಂಬರ್ ಪ್ಯಾಡ್‌ನ ನಕ್ಷತ್ರದ ಗುಂಡಿಯನ್ನು ತಾಳ ಹಾಕಿದ ಹಾಗೆ ಒತ್ತುತ್ತಾ ಹೋಗಿ. ಪ್ರತಿ ಒತ್ತಿಗೂ ಮಾರ್ಕರ್ ಬೀಳುತ್ತೆ. ಬೆರಳು ಸ್ವಲ್ಪ ತಡ ಮಾಡಿರುತ್ತೆ, ಆಮೇಲೆ ತರಂಗದ ಚಿತ್ರ ನೋಡಿ ಸರಿಸಿ. ಆದ್ರೆ ಒಂದು ತನಿ ಆವರ್ತನದ (ಮೃದಂಗದವರ ಏಕವಾದನದ) ಪೆಟ್ಟುಗಳನ್ನೆಲ್ಲ ಕೈಯಲ್ಲಿ ಇಡ್ತೀನಿ ಅಂತ ಹೊರಟ್ರೆ ನಿಮ್ಮ ಎರಡು ಗಂಟೆ ಎರಡು ವಾರ ಆಗುತ್ತೆ. ಅಲ್ಲಿ ಗಣಿತವೇ ಗತಿ.

ಪ್ರಶ್ನೆ (ದಾವಣಗೆರೆಯಿಂದ): ಎಲ್ಲ ಸರಿ ಇದ್ರೂ ಗ್ರಾಫಿಕ್ಸ್ ಒಂಚೂರು ತಡವಾಗಿ ಬಂದ ಹಾಗೆ ಕಾಣುತ್ತೆ.

ಉತ್ತರ: ಬ್ಲೂಟೂತ್ ಇಯರ್‌ಫೋನ್ ಹಾಕಿಕೊಂಡು ಕೂತಿದ್ರೆ ತೆಗೀರಿ, ಅಲ್ಲಿ ಸದ್ದೇ ತಡವಾಗಿ ಬರುತ್ತೆ, ನಿಮ್ಮ ಅಂದಾಜು ಪೂರ್ತಿ ತಪ್ಪುತ್ತೆ. ಟೈಮ್‌ಲೈನ್ ಮೇಲಿನ ಹಸಿರು ಪಟ್ಟಿ ತುಂಬೋವರೆಗೂ ಪ್ರಿವ್ಯೂ ನಂಬಬೇಡಿ. ಎಂಪಿ3 ಬಿಟ್ಟು 48 ಕಿಲೊಹರ್ಟ್ಸ್ ವೇವ್ ಫೈಲ್ ಬಳಸಿ.

ಇವೆಲ್ಲ ಆದ ಮೇಲೂ ಹಾಗೇ ಇದ್ರೆ ಗ್ರಾಫಿಕ್ಸ್ ಅನ್ನು ಒಂದು ಫ್ರೇಮ್ ಮುಂಚಿತವಾಗಿ ತನ್ನಿ. ಮಿಂಚು ಮೊದಲು, ಗುಡುಗು ಆಮೇಲೆ, ಇದಕ್ಕೆ ನಮ್ಮ ಕಣ್ಣು-ಕಿವಿ ಒಗ್ಗಿಹೋಗಿದೆ. ಪ್ರಸಾರಕ್ಕೆ ಅಂತ ಐಟಿಯು (ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ) ಕೊಟ್ಟಿರೋ ಲೆಕ್ಕದಲ್ಲೂ ಸದ್ದು ಚಿತ್ರಕ್ಕಿಂತ ಸುಮಾರು 45 ಮಿಲಿಸೆಕೆಂಡ್ ಮುಂದೆ ಬಂದ್ರೆ ಸಾಕು ಗೊತ್ತಾಗುತ್ತೆ, ಹಿಂದೆ ಬಿದ್ರೆ ಸುಮಾರು 125ರವರೆಗೆ ಗೊತ್ತಾಗೋದಿಲ್ಲ. ಸೆಕೆಂಡಿಗೆ 25 ಫ್ರೇಮ್ ಲೆಕ್ಕದಲ್ಲಿ ಒಂದು ಕಡೆ ಒಂದು ಫ್ರೇಮ್, ಇನ್ನೊಂದು ಕಡೆ ಮೂರು.

ಲೂಪ್ ಆಗೋ ಅನಿಮೇಷನ್ ಆದ್ರೆ ಫ್ರೇಮ್ ರೇಟ್ ಕೂಡ ನೋಡಿ. 120 ಬಿಪಿಎಂ (ನಿಮಿಷಕ್ಕೆ 120 ಪೆಟ್ಟು) ಹಾಡಿಗೆ 25 ಫ್ರೇಮ್ ಇಟ್ರೆ ಒಂದು ಪೆಟ್ಟಿಗೆ ಹನ್ನೆರಡೂವರೆ ಫ್ರೇಮ್. ಆ ಅರ್ಧ ಎಲ್ಲಿಡ್ತೀರಿ? 24 ಇಟ್ರೆ ಸರಿಯಾಗಿ 12, 30 ಇಟ್ರೆ 15.

ಪ್ರಶ್ನೆ (ಕುಂದಾಪುರದಿಂದ): ಕನ್ನಡ ಅಕ್ಷರ ಒಂದೊಂದಾಗಿ ತಾಳಕ್ಕೆ ಹಾರಬೇಕು. "ಕೃಷ್ಣ" ಅಂತ ಬರೆದ್ರೆ ಒತ್ತಕ್ಷರ ಬೇರೆಯಾಗಿ ಹಾರಿಹೋಗುತ್ತೆ.

ಉತ್ತರ: ಹಳೇ ಆನ್ಸಿ ಫಾಂಟ್ (ಯುನಿಕೋಡ್‌ಗೆ ಮುಂಚಿನ ಬಗೆ) ಬಳಸಿದ್ದೀರಿ ಅಂತ ಕಾಣುತ್ತೆ. ಅದರಲ್ಲಿ ಒತ್ತು ಅಂದ್ರೆ ಬೇರೆಯೇ ಒಂದು ಅಕ್ಷರ, ಟೆಕ್ಸ್ಟ್ ಅನಿಮೇಟರ್‌ಗೆ ಅದು ಯಾರ ಕಾಲಿಗೆ ಸೇರಿದ್ದು ಅಂತ ತಿಳಿಯೋದಿಲ್ಲ. ಯುನಿಕೋಡ್ ಫಾಂಟ್‌ಗೆ ಬನ್ನಿ: ನೋಟೊ ಸಾನ್ಸ್ ಕನ್ನಡ, ಬಲೂ ತಮ್ಮ, ತಿರೊ ಕನ್ನಡ, ಎಲ್ಲ ಉಚಿತ. ಪ್ರಿಫರೆನ್ಸಸ್‌ನ ಟೈಪ್ ಪುಟದಲ್ಲಿ ಟೆಕ್ಸ್ಟ್ ಎಂಜಿನ್ ಅನ್ನೋ ಆಯ್ಕೆ ನಿಮ್ಮ ಆವೃತ್ತಿಯಲ್ಲಿ ಇದ್ರೆ ಅದನ್ನು ಸೌತ್ ಏಷ್ಯನ್‌ಗೆ ಬದಲಾಯಿಸಿ. ಆದ್ರೂ ನಾನು ಅನಿಮೇಟರ್‌ನ ನಂಬೋದಿಲ್ಲ. ಕೃ ಒಂದು ಲೇಯರ್, ಷ್ಣ ಒಂದು ಲೇಯರ್, ಹೀಗೆ ಕೈಯಲ್ಲಿ ಬಿಡಿಸಿ ಒಂದೊಂದಕ್ಕೂ ಮಾರ್ಕರ್ ಹಿಡಿದು ಕೀಫ್ರೇಮ್ ಇಡ್ತೀನಿ. ಬೇಜಾರಿನ ಕೆಲಸ, ಮಧ್ಯಾಹ್ನ ಊಟದ ಮೇಲೆ ಮಾಡಬೇಡಿ.

ಪ್ರಶ್ನೆ (ಕಲಬುರಗಿಯಿಂದ): ಆಫ್ಟರ್ ಎಫೆಕ್ಟ್ಸ್‌ಗೆ ತಿಂಗಳ ಚಂದಾ ಕಟ್ಟೋ ಶಕ್ತಿ ಇಲ್ಲ. ಬೇರೆ ದಾರಿ?

ಸದಸ್ಯರೊಬ್ಬರು: ಬ್ಲೆಂಡರ್ ಅನ್ನೋ ತ್ರೀಡಿ ಸಾಫ್ಟ್‌ವೇರ್ ಪೂರ್ತಿ ಉಚಿತ. ಯಾವ ಗುಣ ಅಲುಗಬೇಕೋ ಅದಕ್ಕೆ ಒಂದು ಕೀಫ್ರೇಮ್ ಇಟ್ಟು, ಗ್ರಾಫ್ ಎಡಿಟರ್‌ನಲ್ಲಿ ಸೌಂಡ್ ಅನ್ನು ಕರ್ವ್ ಆಗಿ ಬೇಕ್ ಮಾಡೋ ಆಯ್ಕೆ ಇದೆ. ಕನಿಷ್ಠ, ಗರಿಷ್ಠ ಫ್ರೀಕ್ವೆನ್ಸಿ ಅಲ್ಲೇ ಕೊಡಬಹುದು.

ಉತ್ತರ: ಸರಿಯಾಗಿ ಹೇಳಿದ್ರಿ. ಅಟ್ಯಾಕ್ (ಏರೋ ವೇಗ), ರಿಲೀಸ್ (ಇಳಿಯೋ ವೇಗ) ಕೂಡ ಅಲ್ಲೇ ಇದೆ, ನಾನು ಮೇಲೆ ಹೇಳಿದ ಗಂಟೆಯ ಲೆಕ್ಕಕ್ಕೆ ಲೂಪ್ ಬರೆಯೋದೇ ಬೇಡ. ವೇದಿಕೆಯಲ್ಲಿ ಲೈವ್ ಆಗಿ ಬೇಕು ಅಂದ್ರೆ ಟಚ್‌ಡಿಸೈನರ್ ನೋಡಿ. ಮೈಕ್‌ನಿಂದ ಬಂದ ಸದ್ದು ಆ ಕ್ಷಣಕ್ಕೇ ಚಿತ್ರ ಆಗುತ್ತೆ. ವ್ಯಾಪಾರಕ್ಕಲ್ಲದ ಉಚಿತ ಆವೃತ್ತಿ ಇದೆ, ಅದರಲ್ಲಿ ಚಿತ್ರದ ಅಳತೆ 1280ಕ್ಕೆ 1280 ಪಿಕ್ಸೆಲ್ ದಾಟೋಲ್ಲ. ಕಲಿಯೋದಕ್ಕೆ ಧಾರಾಳ ಆಯ್ತು. ದುಡ್ಡು ತಗೊಂಡು ಶೋ ಮಾಡೋದಾದ್ರೆ ಮಾತ್ರ ಲೈಸೆನ್ಸ್ ಕೊಳ್ಳಿ.

ಪ್ರಶ್ನೆ (ಶಿವಮೊಗ್ಗದಿಂದ): ಪುರಂದರದಾಸರ ಪದಕ್ಕೆ ವಿಡಿಯೊ ಮಾಡಿದೆ, ಕಾಪಿರೈಟ್ ಕ್ಲೈಮ್ ಬಂತು. ದಾಸರಿಗೆ ಯಾರು ಕಾಪಿರೈಟ್ ಕೊಟ್ಟಿದ್ದು?

ಉತ್ತರ: ಪದ ಎಲ್ಲರದ್ದು, ನೀವು ಬಳಸಿದ ಧ್ವನಿಮುದ್ರಣ ಎಲ್ಲರದ್ದಲ್ಲ. ನಮ್ಮ 1957ರ ಕಾಯ್ದೆಯಲ್ಲಿ ಮುದ್ರಣಕ್ಕೆ ಅದರದ್ದೇ ಹಕ್ಕು, ಪ್ರಕಟವಾದ ಮೇಲೆ 60 ವರ್ಷ. ಪರಿಚಯದವರಿಂದ ಹಾಡಿಸಿ. ಬಿಡಿ ಟ್ರ್ಯಾಕೂ ಸಿಗುತ್ತೆ.

ಪ್ರಶ್ನೆ (ತುಮಕೂರಿನಿಂದ): ರಾಜ್ಯೋತ್ಸವದ ಆರ್ಕೆಸ್ಟ್ರಾಗೆ ಎಲ್‌ಇಡಿ ಗೋಡೆ. ತಮಟೆಯ ಪ್ರತಿ ಪೆಟ್ಟಿಗೂ ಪರದೆ ಪೂರ್ತಿ ಕೆಂಪು-ಹಳದಿ ಮಿಂಚಬೇಕು ಅಂತ ಆಯೋಜಕರ ಆಸೆ.

ಉತ್ತರ: ಮಾಡಬೇಡಿ. ತಮಟೆಯ ಓಟದಲ್ಲಿ ಸೆಕೆಂಡಿಗೆ ಏಳೆಂಟು ಪೆಟ್ಟು ಸಲೀಸಾಗಿ ಬೀಳುತ್ತೆ. ವೆಬ್‌ನ ಸುರಕ್ಷತಾ ಮಾನದಂಡಗಳು ಒಂದು ಸೆಕೆಂಡಿನಲ್ಲಿ ಮೂರಕ್ಕಿಂತ ಹೆಚ್ಚು ಮಿಂಚು ಕೂಡದು ಅಂತ ಇಟ್ಟಿವೆ. ಅಪಸ್ಮಾರ ಇರುವವರಿಗೆ, ಇದೆ ಅಂತ ಗೊತ್ತೇ ಇಲ್ಲದ ಮಕ್ಕಳಿಗೂ, ಇದರಿಂದ ಸೆಳವು ಬರಬಹುದು. 1997ರ ಡಿಸೆಂಬರ್‌ನಲ್ಲಿ ಜಪಾನಿನ ಟಿವಿಯಲ್ಲಿ ಪೊಕೆಮಾನ್‌ನ ಒಂದು ಕಂತು ಕೆಂಪು-ನೀಲಿ ಮಿಂಚಿಸಿ ನೂರಾರು ಮಕ್ಕಳನ್ನು ಆಸ್ಪತ್ರೆಗೆ ಸೇರಿಸಿತ್ತು. ನಿಮ್ಮದು ಮನೆ ಟಿವಿ ಅಲ್ಲ, ಮೂವತ್ತು ಅಡಿ ಗೋಡೆ, ಕತ್ತಲ ಮೈದಾನ.

ಆಯೋಜಕರಿಗೆ ಬಣ್ಣ ಕೊಡಿ, ಮಿಂಚು ಕೊಡಬೇಡಿ. ಹಿನ್ನೆಲೆ ಬೆಳಕು ಸ್ಥಿರವಾಗಿರಲಿ, ಪೆಟ್ಟಿಗೆ ಆಕಾರ ಅಲುಗಲಿ: ತಮಟೆಯ ಗುಂಡು ಅಂಚಿಂದ ಅಲೆ ಹೊರಡೋದು, ಬಾವುಟದ ಬಟ್ಟೆ ಮಡಿಕೆ ಬೀಳೋದು.

ಮತ್ತೆ ಹುಬ್ಬಳ್ಳಿಯವರು: ಸಾರ್, 0.85 ಕೆಲಸ ಮಾಡ್ತು, ಡೊಳ್ಳು ಈಗ ಡೊಳ್ಳಿನ ಹಾಗೇ ಕಾಣುತ್ತೆ. ಒಂದೇ ತೊಂದರೆ. ಕೊನೇ ಪಲ್ಲವಿಗೆ ಮುಂಚೆ ಎರಡು ಸೆಕೆಂಡ್ ಎಲ್ಲ ವಾದ್ಯ ನಿಲ್ಲುತ್ತೆ. ಪರದೆ ಮೇಲೂ ಏನೂ ಅಲುಗೋಲ್ಲ. ಅಲ್ಲಿ ಏನಾದ್ರೂ ಪಾರ್ಟಿಕಲ್ಸ್ ತುಂಬಿಸಲಾ?

ಉತ್ತರ: ಒಂದು ಕಣವೂ ಬೇಡ, ಆ ಎರಡು ಸೆಕೆಂಡ್ ಮುಟ್ಟಲೇಬೇಡಿ. ಕ್ಲೈಂಟ್‌ಗೆ ಮಾತ್ರ ಮೊದಲೇ ಒಂದು ಮೆಸೇಜ್ ಹಾಕಿಡಿ, ಫೈಲ್ ಹ್ಯಾಂಗ್ ಆಗಿಲ್ಲ ಅಂತ. ನನಗೆ ರಾತ್ರಿ ಹನ್ನೊಂದಕ್ಕೆ ಫೋನ್ ಬಂದಿತ್ತು.